ಮೀನಮೇಷ ಎಣಿಸಿದ ಕಾರು

ನನ್ನ ಕಾರಿಗೆ ಏನು ರೋಗ ಎಂದು ಇಡೀ ಕಾಂಪೌಂಡಿಗೆ ಗೊತ್ತಿತ್ತು. ಆ ರೋಗ ನಾನೇ. ಹೆಂಗಸು ಓಡಿಸುವ ಗಾಡಿ ಮತ್ತೆ ಹೇಗಿರುತ್ತದೆ, ಕೀ ತಿರುಗಿಸಿ ತಿರುಗಿಸಿ ಹಾಳು ಮಾಡಿ ಹಾಕಿದ್ದಾಳೆ ಎಂದು ನನ್ನ ಭಾವ, ಅಂದರೆ ಗಂಡನ ಅಣ್ಣ, ಚಹಾ ಕುಡಿಯುತ್ತಾ ತೀರ್ಪು ಕೊಟ್ಟಾಗಿತ್ತು. ಭಾವನ ತೀರ್ಪಿನ ಮೇಲೆ ಅಪೀಲು ಹೋಗುವ ಪದ್ಧತಿ ನಮ್ಮ ಮನೆಯಲ್ಲಿ ಇರಲಿಲ್ಲ. ನನ್ನ ಗಂಡನಿಗೆ ವೀಸಾ ಮಾಡಿಸಿ ಕತಾರಿಗೆ ಕರೆಸಿಕೊಂಡವರು ಅವರು, ಮನೆ ಹುಡುಕಿ ಕೊಟ್ಟವರು ಅವರು. ಆ ಋಣ ನಮ್ಮ ಊಟದ ಮೇಜಿನ ಮೇಲೆ ಉಪ್ಪಿನಕಾಯಿಯ ಭರಣಿಯ ಪಕ್ಕದಲ್ಲೇ ಯಾವಾಗಲೂ ಇರುತ್ತಿತ್ತು.

ನಾವು ಆಗ ದೋಹಾದ ವಿಮಾನ ನಿಲ್ದಾಣಕ್ಕೆ ಹತ್ತಿರದ ಅಲ್ ಥುಮಾಮಾದಲ್ಲಿದ್ದೆವು. ಎರಡು ಸಾವಿರದ ನಂತರದ ಆ ವರ್ಷಗಳಲ್ಲಿ ಊರಿಡೀ ಕಟ್ಟಡ ಏಳುತ್ತಿತ್ತು, ಬಾಡಿಗೆ ಮನೆ ಸಿಗುವುದೇ ಕಷ್ಟ. ಒಂದು ವಿಲ್ಲಾದ ನಡುವೆ ಗೋಡೆ ಎಬ್ಬಿಸಿ ಪಾಲು ಮಾಡಿದ್ದರು. ಮುಂದಿನ ಪಾಲಿನಲ್ಲಿ ಭಾವ ಮತ್ತು ಅವರ ಹೆಂಡತಿ, ಹಿಂದಿನ ಪಾಲಿನಲ್ಲಿ ನಾವಿಬ್ಬರು. ಭಾವನ ಹೆಂಡತಿಯನ್ನು ನಾನು ಅಕ್ಕ ಎನ್ನುತ್ತಿದ್ದೆ. ಮೇಲೆ ವಿಮಾನ ಇಳಿಯುವಾಗ ಮಾತು ನಿಲ್ಲಿಸಿ, ಅದು ಹೋದ ಮೇಲೆ ನಿಲ್ಲಿಸಿದಲ್ಲಿಂದಲೇ ಮುಂದುವರಿಸುವುದು ನಮಗೆಲ್ಲ ಅಭ್ಯಾಸವಾಗಿತ್ತು. ಮನೆಯಲ್ಲಿ ಆಡುತ್ತಿದ್ದದ್ದು ತುಳು. ಇಲ್ಲಿ ಅದನ್ನು ನಮ್ಮ ಕಡೆಯ ಕನ್ನಡಕ್ಕೆ ತಂದು ಬರೆಯುತ್ತಿದ್ದೇನೆ.

ಗಂಡನಿಗೆ ಕೆಲಸ ದುಖಾನ್‌ನಲ್ಲಿ, ಪಶ್ಚಿಮದ ಸಮುದ್ರದ ಪಕ್ಕದ ಎಣ್ಣೆಯ ಊರು. ಬೆಳಕು ಹರಿಯುವ ಮೊದಲೇ ಕಂಪೆನಿಯ ಬಸ್ಸು ಹತ್ತಿದರೆ ಬರುವುದು ಸಂಜೆಗೆ. ನನಗೆ ಕೆಲಸ ಇಂಡಸ್ಟ್ರಿಯಲ್ ಏರಿಯಾದಲ್ಲಿ, ಜನರೇಟರ್ ಬಾಡಿಗೆಗೆ ಕೊಡುವ ಒಂದು ಕಂಪೆನಿಯಲ್ಲಿ. ಆ ಕಡೆಗೆ ಥುಮಾಮಾದಿಂದ ನನ್ನನ್ನು ಹೊತ್ತೊಯ್ಯುವ ಬಸ್ಸಿಲ್ಲ. ಕಾರು ಇದ್ದರೆ ಕೆಲಸ ಉಂಟು, ಕಾರು ಇಲ್ಲದಿದ್ದರೆ ಕೆಲಸ ಇಲ್ಲ, ಲೆಕ್ಕ ಅಷ್ಟೇ. ಅದಕ್ಕಾಗಿಯೇ ಡ್ರೈವಿಂಗ್ ಸ್ಕೂಲಿಗೆ ಹೋಗಿ, ರೌಂಡ್‌ಅಬೌಟಿನಲ್ಲಿ ಅಡ್ಡ ನುಗ್ಗುವ ದೊಡ್ಡ ದೊಡ್ಡ ಗಾಡಿಗಳಿಗೆ ಹೆದರಿ ಅತ್ತು, ಟೆಸ್ಟಿನಲ್ಲಿ ಫೇಲಾಗಿ, ಮತ್ತೆ ಹೋಗಿ ಪಾಸಾಗಿ, ನನ್ನ ಸಂಬಳದಿಂದಲೇ ಆ ಹಳೆಯ ಬಿಳಿ ಕಾರು ತೆಗೆದುಕೊಂಡದ್ದು. ಕಾಗದದಲ್ಲಿ ಮಾತ್ರ ಗಂಡನ ಹೆಸರು.

ಆ ಕಾರು ಒಂದು ಚಳಿಗಾಲದಲ್ಲಿ ಮೀನಮೇಷ ಎಣಿಸತೊಡಗಿತು. ಕೀ ತಿರುಗಿಸಿದರೆ ಡ್ಯಾಶ್‌ಬೋರ್ಡಿನ ದೀಪಗಳೆಲ್ಲ ಚೆನ್ನಾಗಿಯೇ ಉರಿಯುತ್ತವೆ, ರೇಡಿಯೋ ಹಾಡುತ್ತದೆ, ಇಂಜಿನ್ ಮಾತ್ರ ಟಿಕ್ ಎಂದು ಸುಮ್ಮನಾಗುತ್ತದೆ. ಮತ್ತೊಮ್ಮೆ ತಿರುಗಿಸಿದರೆ ಮುಲುಗುತ್ತದೆ. ಮತ್ತೂ ಒಮ್ಮೆ ತಿರುಗಿಸಿದರೆ ಏನೂ ಆಗದವರ ಹಾಗೆ ಸ್ಟಾರ್ಟ್. ಒಮ್ಮೆ ಹೊರಟರೆ ದಾರಿಯಲ್ಲಿ ಒಂದು ತಕರಾರಿಲ್ಲ. ಚಳಿ ಹೋಗಿ ಬಿಸಿಲು ಏರುತ್ತಾ ಬಂದ ಹಾಗೆ ಅದರ ಯೋಚನೆಯೂ ಉದ್ದವಾಗುತ್ತಾ ಹೋಯಿತು.

ಗ್ಯಾರೇಜಿಗೆ ಒಯ್ದೆ. ಅಲ್ಲಿಯವನು ಬಾನೆಟ್ ಪೂರ್ತಿ ಎತ್ತುವ ಮೊದಲೇ ಹೇಳಿದ: "ಬ್ಯಾಟ್ರಿ ಖಲಾಸ್, ಮೇಡಂ." ಆ ಊರಿನ ಬಿಸಿಲಿಗೆ ಬ್ಯಾಟರಿಗಳು ಬೇಗ ಸಾಯುವುದು ನಿಜ, ಅದಕ್ಕೆ ನಾನೂ ನಂಬಿದೆ. ಹೊಸ ಬ್ಯಾಟರಿ ಬಂತು. ಕೆಲವು ದಿನ ಚೆನ್ನಾಗಿತ್ತು, ಮತ್ತೆ ಟಿಕ್. ಎರಡನೇ ಸಲ ಹೋದಾಗ ಇಂಜಿನ್ ತಿರುಗಿಸುವ ಸೆಲ್ಫ್ ಮೋಟಾರ್ ಬಿಚ್ಚಿ ರಿಪೇರಿ ಮಾಡಿದ. ಮತ್ತೆ ಟಿಕ್. ಮೂರನೇ ಸಲ ಹೋದಾಗ ಅವನು ನನ್ನ ಹತ್ತಿರ ಮಾತೇ ಆಡಲಿಲ್ಲ. ಸಾಹೇಬರ ನಂಬರ್ ಕೊಡಿ ಎಂದ. ಗಂಡ ದುಖಾನ್‌ನಲ್ಲಿ ಫೋನ್ ಎತ್ತಲಿಲ್ಲ, ಭಾವನಿಗೆ ಮಾಡಿದಾಗ ಅವರು ಎತ್ತಿದರು. ನಾನು ಪಕ್ಕದಲ್ಲೇ ನಿಂತಿದ್ದೆ, ನನ್ನ ಕಾರು, ನನ್ನ ಕೀ, ನನ್ನ ದುಡ್ಡು. ಅವರಿಬ್ಬರು ನನ್ನನ್ನು ಲೆಕ್ಕಕ್ಕೇ ಇಡದೆ ಮಾತಾಡಿ ಮುಗಿಸಿದರು. ವೈರಿಂಗೇ ಹೋಗಿದೆ, ಹಳೆ ಗಾಡಿ, ಮಾರುವುದೇ ಒಳ್ಳೆಯದು ಎಂದು ಅವನ ಸಲಹೆ. ನನಗೆ ಮೈಯೆಲ್ಲ ಉರಿಯಿತು.

ಒಂದು ಬುಧವಾರ ಸಂಜೆ ಭಾವ ನಮ್ಮ ಕಡೆಗೆ ಬಂದು ಸೋಫಾದಲ್ಲಿ ಕೂತರು.

"ನೋಡು, ಶುಕ್ರವಾರ ಬೆಳಿಗ್ಗೆ ಒಬ್ಬ ಬರ್ತಾನೆ, ನಮ್ಮ ಊರಿನವನೇ. ಗಾಡಿ ಹೇಗುಂಟೋ ಹಾಗೇ ತಗೊಳ್ತಾನಂತೆ," ಎಂದು ತಮ್ಮನಿಗೆ ಹೇಳಿದರು. "ಕೊಟ್ಟುಬಿಡು. ರಸ್ತೆ ಮಧ್ಯೆ ಹೆಂಗಸು ಗಾಡಿ ನಿಲ್ಲಿಸಿಕೊಂಡು ನಿಂತರೆ ನಮಗೇ ಅಲ್ವಾ ಮರ್ಯಾದೆ ಪ್ರಶ್ನೆ?"

"ಮತ್ತೆ ಅವಳ ಕೆಲಸ?" ಎಂದ ನನ್ನ ಗಂಡ, ನೆಲ ನೋಡುತ್ತಾ.

"ಕೆಲಸ ಎಂತ ಕೆಲಸ? ಫೋನ್ ಎತ್ತುವ ಕೆಲಸ ಅಲ್ವಾ? ಮನೆಯಲ್ಲೂ ಫೋನ್ ಉಂಟು."

ತಮ್ಮ ಮಾತಿಗೆ ತಾವೇ ನಕ್ಕರು. ನನ್ನ ಗಂಡ ನಗಲಿಲ್ಲ, ಆದರೆ ಬೇಡ ಎಂದೂ ಹೇಳಲಿಲ್ಲ. ಅಣ್ಣನ ಎದುರು ಅವನ ಗಂಟಲಿನಲ್ಲಿ ಶಬ್ದ ಹುಟ್ಟುತ್ತಲೇ ಇರಲಿಲ್ಲ. ಹೇಳಬೇಕಾದದ್ದನ್ನು ನಾನೇ ಹೇಳಿದೆ: "ಶುಕ್ರವಾರದೊಳಗೆ ರಿಪೇರಿ ಆದ್ರೆ ಕೊಡುದಿಲ್ಲ ಭಾವ." "ಆಗ್ಲಿ ಮಾರಾಯ್ತಿ, ಗ್ಯಾರೇಜಿನವನಿಗೇ ಆಗ್ಲಿಲ್ಲ, ನೀನು ಮಾಡು," ಎಂದು ಎದ್ದು ಹೋದರು. ಸರಿ, ಮಾಡಿಯೇ ತೋರಿಸುತ್ತೇನೆ ಎಂದು ಆಗಲೇ ಹಠ ಹಿಡಿಯಿತು.

ಫೋನ್ ಎತ್ತುವ ಕೆಲಸ ಎಂದರಲ್ಲ, ಆ ಕೆಲಸ ಏನೆಂದು ಹೇಳಿಬಿಡುತ್ತೇನೆ. ಕಟ್ಟಡ ಏಳುವ ಜಾಗಗಳಿಂದ ದಿನವಿಡೀ ಫೋನ್ ಬರುತ್ತಿತ್ತು: ಜನರೇಟರ್ ಸ್ಟಾರ್ಟ್ ಆಗುತ್ತಿಲ್ಲ, ಯಲ್ಲಾ ಯಲ್ಲಾ, ಬೇಗ ಬೇಗ, ಈಗಲೇ ಮೆಕ್ಯಾನಿಕ್ ಕಳಿಸಿ. ಕೂಗುವವರೇ ಎಲ್ಲ. ಆ ಕೂಗನ್ನು ಹಿಂಜಿ ಹಿಂಜಿ, ಒಳಗಿರುವ ರೋಗದ ಲಕ್ಷಣ ಹೊರತೆಗೆದು, ಯಾವ ಮೆಕ್ಯಾನಿಕ್ಕನ್ನು ಯಾವ ಸಾಮಾನಿನ ಜೊತೆ ಕಳಿಸಬೇಕೆಂದು ತೀರ್ಮಾನ ಮಾಡುವವಳು ನಾನು. ನನಗೆ ಕೆಲಸ ಕಲಿಸಿದ ಮೈಸೂರಿನ ಮ್ಯಾನೇಜರ್ ಮೊದಲ ದಿನವೇ ಹೇಳಿದ್ದರು: "ಏನು ಕೆಟ್ಟಿದೆ ಅಂತ ಕೇಳ್ಬೇಡಮ್ಮ, ಅವರಿಗೆ ಗೊತ್ತಿರಲ್ಲ. ಯಾವಾಗಿಂದ ಹೀಗೆ ಅಂತ ಕೇಳು. ಅದಕ್ಕೆ ಮುಂಚೆ ಯಾರು ಕೈ ಹಾಕಿದ್ರು ಅಂತ ಕೇಳು." ಎಷ್ಟೋ ಸಲ ಆ ಎರಡು ಪ್ರಶ್ನೆಗಳಲ್ಲೇ ಕಂಪ್ಲೇಂಟ್ ಬಿಚ್ಚಿಕೊಳ್ಳುತ್ತಿತ್ತು. ನಾನು ಕಂಡವರ ಜನರೇಟರಿಗೆಲ್ಲ ಕೇಳಿದ ಪ್ರಶ್ನೆಯನ್ನು ನನ್ನ ಸ್ವಂತ ಕಾರಿಗೆ ಒಮ್ಮೆಯೂ ಕೇಳಿರಲಿಲ್ಲ. ಎಲ್ಲರೂ ಸೇರಿ ರೋಗ ನೀನೇ ನೀನೇ ಎಂದಾಗ ತಲೆಗೂ ಮಂಕು ಬಡಿಯುತ್ತದೆ.

ಗುರುವಾರ ಆಫೀಸು ಬಿಟ್ಟಾಗ ಕಾರು ಪೂರ್ತಿ ಮುಷ್ಕರ ಹೂಡಿತು. ಟಿಕ್, ಟಿಕ್, ಟಿಕ್. ಬಿಸಿಲಿಗೆ ಸ್ಟಿಯರಿಂಗ್ ಮುಟ್ಟಲಾಗುತ್ತಿರಲಿಲ್ಲ, ಲಾರಿಗಳು ಎಬ್ಬಿಸಿದ ಧೂಳು ಹಲ್ಲಿಗೆ ಸಿಗುತ್ತಿತ್ತು. ಯಾರಿಗೂ ಫೋನ್ ಮಾಡಲಿಲ್ಲ. ಎದುರಿಗೆ ಗೋದಾಮಿನ ಗೋಡೆ ಇತ್ತು, ನೆರಳಿನಲ್ಲಿ ಕಪ್ಪಾಗಿತ್ತು. ಹೆಡ್‌ಲೈಟ್ ಹಾಕಿದೆ. ಗೋಡೆಯ ಮೇಲೆ ಎರಡು ಬೆಳಕಿನ ವೃತ್ತ ಚೆನ್ನಾಗಿ ಬಿತ್ತು. ಹಾಗೇ ಕೀ ತಿರುಗಿಸಿದೆ. ವೃತ್ತಗಳು ಸತ್ತೇ ಹೋದವು. ಕೀ ಬಿಟ್ಟೆ, ಮತ್ತೆ ಬಂದವು.

ಅಯ್ಯೋ ದೇವರೇ, ಇದು ನನಗೆ ಗೊತ್ತಿದ್ದ ಕಂಪ್ಲೇಂಟು! ಬ್ಯಾಟರಿ ಹೊಸದು, ಒಳಗೆ ಶಕ್ತಿ ಇದೆ. ಸಣ್ಣ ದೀಪಕ್ಕೆ ಸಾಕಾಗುತ್ತದೆ, ಇಂಜಿನ್ ತಿರುಗಿಸುವಷ್ಟು ದೊಡ್ಡ ಕೆಲಸ ಕೊಟ್ಟ ಕೂಡಲೇ ದಾರಿಯಲ್ಲಿ ಎಲ್ಲೋ ತಡೆ. ನಮ್ಮ ಮೆಕ್ಯಾನಿಕ್ಕುಗಳು ಇದಕ್ಕೆ ಯಾವಾಗಲೂ ವಾಪಸ್ ಫೋನ್ ಮಾಡಿ ಹೇಳುತ್ತಿದ್ದ ಉತ್ತರ ಒಂದೇ: ಅರ್ತ್ ಹಿಡಿದಿಲ್ಲ. ಬ್ಯಾಟರಿಯಿಂದ ಗಾಡಿಯ ಮೈಗೆ ಬಿಗಿದಿರುವ ಕಪ್ಪು ವಯರಿನ ತುದಿ ಕೆಟ್ಟಿದೆ ಎಂದು ಅರ್ಥ. ಆಮೇಲೆ ಇಂಜಿನ್ ಸ್ವಲ್ಪ ತಣಿದು, ಮುಲುಗಿ, ಹೇಗೋ ಸ್ಟಾರ್ಟ್ ಆಯಿತು. ಮನೆವರೆಗೆ ಹಾಡು ಹಾಕಿಕೊಂಡು ಹೋದೆ.

ಶುಕ್ರವಾರ ಅಲ್ಲಿ ಎಲ್ಲರಿಗೂ ರಜೆ; ಬೆಳಗಾದ ಕೂಡಲೇ ಹೊರಗೆ ಹೋಗಿ ಬಾನೆಟ್ ಎತ್ತಿದೆ. ಜಂಪರ್ ಕೇಬಲ್ ಅಲ್ಲಿ ಎಲ್ಲರ ಡಿಕ್ಕಿಯಲ್ಲೂ ಇರುತ್ತಿತ್ತು, ನನ್ನದರಲ್ಲೂ ಇತ್ತು. ಕೇಬಲ್ಲಿನ ಒಂದು ತುದಿಯನ್ನು ಬ್ಯಾಟರಿಯ ಮೈನಸ್ಸಿಗೆ ಕಚ್ಚಿಸಿದೆ, ಇನ್ನೊಂದನ್ನು ನೇರ ಇಂಜಿನ್ನಿನ ಕಬ್ಬಿಣಕ್ಕೆ. ಕೆಟ್ಟ ವಯರನ್ನು ಬಿಟ್ಟು ಬೇರೆ ದಾರಿ ಮಾಡಿಕೊಟ್ಟ ಹಾಗೆ, ಅಷ್ಟೇ. ಒಳಗೆ ಕೂತು ಕೀ ತಿರುಗಿಸಿದೆ. ಮೊದಲ ತಿರುವಿಗೇ ಸ್ಟಾರ್ಟ್! ನಿಲ್ಲಿಸಿದೆ, ಮತ್ತೆ ಸ್ಟಾರ್ಟ್. ಕೇಬಲ್ ತೆಗೆದೆ: ಟಿಕ್. ಹಾಕಿದೆ: ಸ್ಟಾರ್ಟ್. ಒಬ್ಬಳೇ ನಿಂತು ನಗುತ್ತಿದ್ದೆ, ಕಣ್ಣಲ್ಲಿ ನೀರೂ ಬಂತು.

ಇನ್ನು ಉಳಿದದ್ದು ಆ ವಯರಿನ ತುದಿ. ಅದು ಬ್ಯಾಟರಿಯ ಕೆಳಗೆ, ಅದನ್ನು ಕೂರಿಸಿದ ತಟ್ಟೆಯ ಮರೆಯಲ್ಲಿ ಒಂದು ಬೋಲ್ಟಿಗೆ ಬಿಗಿದಿತ್ತು. ಬಗ್ಗಿ ಕೈ ಹಾಕಿ ತಡಕಿದೆ. ಬೋಲ್ಟಿನ ಸುತ್ತ ಏನೋ ಗಟ್ಟಿಯಾಗಿ ಹೆಪ್ಪುಗಟ್ಟಿತ್ತು. ಉಗುರಿನಿಂದ ಕೆರೆದು ಬೆರಳನ್ನು ಬೆಳಕಿಗೆ ತಂದರೆ, ಕಿಲುಬಿನ ಹಸಿರು ಹುಡಿಯ ಜೊತೆ ಕೆಂಪು, ಹಳದಿ.

ಕುಂಕುಮ. ಅರಸಿನ.

ಯಾವಾಗಿಂದ ಹೀಗೆ? ನವರಾತ್ರಿ ಮುಗಿದು ಚಳಿ ಹಿಡಿದ ಮೇಲೆ. ಅದಕ್ಕೆ ಮುಂಚೆ ಯಾರು ಕೈ ಹಾಕಿದ್ದರು? ಇಡೀ ಚಿತ್ರ ಕಣ್ಣ ಮುಂದೆ ಬಂತು. ಆಯುಧ ಪೂಜೆಯ ದಿನ, ಆ ದೇಶದಲ್ಲಿ ಹೊರಗೆ ಕಾಣುವ ಹಾಗೆ ಮಾಡಬಾರದೆಂದು ಗೇಟು ಮುಚ್ಚಿಕೊಂಡು, ಸದ್ದಿಲ್ಲದೆ, ಕಾಂಪೌಂಡಿನೊಳಗೆ ನಾವು ಗಾಡಿಗಳಿಗೆ ಪೂಜೆ ಮಾಡಿದ್ದು. ಪೂಜೆ ಎಂದರೆ ಭಾವನದೇ ಪೌರೋಹಿತ್ಯ. ತಮ್ಮ ಹೊಸ ದೊಡ್ಡ ಗಾಡಿಗೆ ಹೊರಗಿನಿಂದ ಗಂಧ ಹಚ್ಚಿ, ಹೂ ಇಟ್ಟು, ಚಕ್ರದಡಿ ಲಿಂಬೆಹಣ್ಣು ಇಟ್ಟು ಮುಗಿಸಿದ್ದರು. ನನ್ನದರ ಸರದಿ ಬಂದಾಗ, "ಹಳೆ ಗಾಡಿ, ಇದಕ್ಕೆ ಒಳಗಿಂದಲೇ ಆಗ್ಬೇಕು," ಎಂದು ಬಾನೆಟ್ ತೆಗೆಸಿದ್ದರು. ನಮ್ಮ ಕಡೆ ನಾಗನ ಕಲ್ಲಿಗೆ ಮಾಡುವ ಹಾಗೆ, ಅರಸಿನ ಕಲಸಿ ಬ್ಯಾಟರಿಯ ಮೇಲೆ ಮೆತ್ತಿ, ಕುಂಕುಮ ಉದುರಿಸಿ, ಮೇಲಿಂದ ಒಂದು ಚೊಂಬು ಸೀಯಾಳದ ನೀರು ಹೊಯ್ದಿದ್ದರು. ಎಳನೀರಿನ ಅಭಿಷೇಕ, ಇಂಜಿನ್ನಿಗೆ! ಮೇಲಿನದ್ದನ್ನು ಗ್ಯಾರೇಜಿನವನು ಬ್ಯಾಟರಿ ಬದಲಿಸುವಾಗ ಒರೆಸಿ ಹಾಕಿದ್ದ. ಕೆಳಗೆ ಇಳಿದದ್ದು ಅಲ್ಲೇ ಕೂತು, ಎಳನೀರಿನ ಉಪ್ಪು ಸಕ್ಕರೆ ಎರಡೂ ಸೇರಿ, ತಿಂಗಳುಗಟ್ಟಲೆ ಬೋಲ್ಟನ್ನು ತಿಂದಿತ್ತು.

ಗಂಡ ಚಹಾದ ಲೋಟ ಹಿಡಿದು ಹೊರಗೆ ಬಂದ. ಬೆರಳು ತೋರಿಸಿದೆ. ಅವನು ಬೋಲ್ಟನ್ನು ನೋಡಿದ, ನನ್ನನ್ನು ನೋಡಿದ, ಅಣ್ಣನ ಮನೆಯ ಬಾಗಿಲನ್ನು ನೋಡಿದ.

"ಉಜ್ಜಿ ತೆಗ್ದುಬಿಡುವ," ಎಂದ ಮೆಲ್ಲಗೆ. "ಅಣ್ಣ ಬರುವ ಮೊದ್ಲು. ರಿಪೇರಿ ಆಯ್ತು ಅಂತ ಹೇಳಿದ್ರೆ ಸಾಕು. ಅವರಿಗೆ ಯಾಕೆ ಬೇಜಾರು ಮಾಡುದು?"

"ತಿಂಗಳುಗಟ್ಟಲೆ ನನ್ನನ್ನು ಅಂದರಲ್ಲ, ಆಗ ನನಗೆ ಬೇಜಾರು ಆದದ್ದು ನಿಮಗೆ ಕಾಣ್ಲಿಲ್ವಾ?" ಎಂದೆ. "ಉಜ್ಜುದಿಲ್ಲ. ಅವರು ನೋಡ್ಲಿ, ಮತ್ತೆ ಉಜ್ಜುವ."

ಅವನು ಒಳಗೆ ಹೋದ. ಹೋದರೆ ಹೋಗಲಿ ಎಂದುಕೊಂಡೆ. ಸ್ವಲ್ಪ ಹೊತ್ತಿಗೆ ಮರಳು ಕಾಗದ, ಸ್ಪಾನರ್, ಒಂದು ಚೊಂಬು ಬಿಸಿನೀರು ತಂದು ನನ್ನ ಪಕ್ಕದಲ್ಲಿಟ್ಟು ಅಲ್ಲೇ ನಿಂತ.

ತಿಂಡಿಯ ಹೊತ್ತಿಗೆ ಭಾವ ಆ ಗಿರಾಕಿಯನ್ನು ಕರೆದುಕೊಂಡು ಬಂದರು. ಅಕ್ಕ ಹಿಂದಿನಿಂದ ನೀರುದೋಸೆಯ ಪಾತ್ರೆ ಹಿಡಿದು ಬಂದಳು. ಬಾನೆಟ್ ತೆರೆದದ್ದು, ನನ್ನ ಕೈಯೆಲ್ಲ ಕಪ್ಪಾದದ್ದು ನೋಡಿ ಭಾವನಿಗೆ ನಗು.

"ಓಹೋ, ಇಂಜಿನಿಯರಮ್ಮ! ಎಂತ ಆಯ್ತು?"

"ಸಿಕ್ಕಿತು ಭಾವ. ಇಲ್ಲಿ ಬನ್ನಿ, ಬಗ್ಗಿ ನೋಡಿ."

ಬಗ್ಗಿದರು. ನಾನು ಟಾರ್ಚಿನ ಬೆಳಕು ಬಿಟ್ಟೆ. ಕೆಂಪು, ಹಳದಿ, ಹಸಿರು ಎಲ್ಲ ಸ್ಪಷ್ಟವಾಗಿ ಕಂಡಿತು. ಕೇಬಲ್ ಹಾಕಿ ಸ್ಟಾರ್ಟ್ ಮಾಡಿ ತೋರಿಸಿದೆ, ತೆಗೆದು ಟಿಕ್ ಎನಿಸಿ ತೋರಿಸಿದೆ. ಭಾವ ಸೆಟೆದು ನಿಂತರು. ಅವರ ಮುಖ ಒಮ್ಮೆ ಸಪ್ಪಗಾಯಿತು, ಕೂಡಲೇ ಬಿಗಿಯಾಯಿತು.

"ಎಂತ ಹೇಳ್ತಿದ್ದಿ ನೀನು? ದೇವರ ಪ್ರಸಾದದಿಂದ ಗಾಡಿ ಹಾಳಾಯ್ತು ಅಂತಲಾ?"

"ದೇವರು ಹಾಳು ಮಾಡ್ಲಿಲ್ಲ ಭಾವ," ಎಂದೆ. "ನೀವು ಮಾಡಿದ್ದು. ನಿಮ್ಮ ಗಾಡಿಯ ಬಾನೆಟ್ ಯಾಕೆ ತೆಗೀಲಿಲ್ಲ ಆವತ್ತು?"

ಅವರು ಬಾಯಿ ತೆರೆದರು. ಉತ್ತರ ಬಂದದ್ದು ಮಾತ್ರ ದೋಸೆಯ ಪಾತ್ರೆ ಹಿಡಿದಿದ್ದ ಅಕ್ಕನಿಂದ.

"ಅದಕ್ಕೆ ವಾರಂಟಿ ಉಂಟು ಅಂತ," ಎಂದಳು ಅವಳು, ಸಹಜವಾಗಿ. "ಒಳಗೆ ನೀರು ಹೋದ್ರೆ ವಾರಂಟಿ ಹೋಗ್ತದೆ ಅಂತ ಇವರೇ ಹೇಳಿದ್ದಲ್ವಾ. ಚೊಂಬು ಕೊಟ್ಟದ್ದು ನಾನೇ."

ಮೇಲೆ ಒಂದು ವಿಮಾನ ಬಂತು. ಅದು ಇಳಿದು ಹೋಗುವವರೆಗೆ ಯಾರೂ ಮಾತಾಡುವಂತಿರಲಿಲ್ಲ, ಎಲ್ಲರೂ ಆ ಮಾತಿನ ಮುಂದೆ ಹಾಗೇ ನಿಂತಿದ್ದೆವು. ಭಾವ ತಮ್ಮ ಹೊಸ ಗಾಡಿಯ ಕಡೆಗೆ ನೋಡಲಿಲ್ಲ. ಗಿರಾಕಿ ಮಾತ್ರ ಅತ್ತ ಒಮ್ಮೆ, ಇತ್ತ ಒಮ್ಮೆ ನೋಡಿ, ನಗು ನುಂಗಿಕೊಳ್ಳುತ್ತಿದ್ದ.

ನಾನು ಸ್ಪಾನರ್ ಎತ್ತಿಕೊಂಡೆ. ಬೋಲ್ಟ್ ಬಿಚ್ಚಿ, ಬಿಸಿನೀರಿನಲ್ಲಿ ತೊಳೆದು, ವಯರಿನ ತುದಿಯನ್ನೂ ಗಾಡಿಯ ಮೈಯನ್ನೂ ಕಬ್ಬಿಣ ಹೊಳೆಯುವವರೆಗೆ ಮರಳು ಕಾಗದದಲ್ಲಿ ತಿಕ್ಕಿದೆ. ಯಾವ ಅವಸರವೂ ಇರಲಿಲ್ಲ. ಒರೆಸಿ, ಬಿಗಿದು, ಒಳಗೆ ಕೂತು ಕೀ ತಿರುಗಿಸಿದೆ. ಮೊದಲ ತಿರುವಿಗೇ ಎದ್ದಿತು.

"ಅರೆ, ಗಾಡಿ ಫಸ್ಟ್ ಕ್ಲಾಸ್ ಉಂಟಲ್ಲ ಮಾರಾಯ್ರೆ," ಎಂದ ಗಿರಾಕಿ. "ನಾನು ಹೇಳಿದ್ದಕ್ಕಿಂತ ಮೇಲೆಯೇ ಕೊಡ್ತೇನೆ."

ಭಾವನಿಗೆ ಹಿಡಿಯಲು ಒಂದು ಹುಲ್ಲುಕಡ್ಡಿ ಸಿಕ್ಕಿತು. "ನೋಡು, ಈಗ ಒಳ್ಳೆ ರೇಟು ಬರ್ತದೆ," ಎಂದು ತಮ್ಮನ ಹೆಗಲ ಮೇಲೆ ಕೈ ಇಟ್ಟರು. "ಈಗಲೇ ಕೊಡುದು ಬುದ್ಧಿವಂತಿಕೆ. ಹಳೆ ಗಾಡಿ, ನಾಳೆ ಇನ್ನೊಂದು ಬರ್ತದೆ. ಕಾಗದ ತಾ, ಸೈನ್ ಹಾಕು."

ಸೈನ್ ಹಾಕುವ ಹೆಸರು ಅವನದೇ. ನಾನು ಕಷ್ಟಪಟ್ಟು ಕಂಡುಹಿಡಿದದ್ದು, ತಿಕ್ಕಿದ್ದು, ಗೆದ್ದದ್ದು ಎಲ್ಲ ಒಂದು ಸಹಿಯಲ್ಲಿ ಹೋಗಿಬಿಡಬಹುದಿತ್ತು. ನಾನು ಇಂಜಿನ್ ನಿಲ್ಲಿಸಲಿಲ್ಲ. ಸ್ಟಿಯರಿಂಗ್ ಹಿಡಿದುಕೊಂಡೇ ಗಾಜಿನಿಂದಾಚೆ ಗಂಡನ ಮುಖವನ್ನೇ ನೋಡಿದೆ. ಬೇಡಿಕೊಳ್ಳುವುದಿಲ್ಲ ಎಂದು ನಿರ್ಧಾರ ಮಾಡಿಯಾಗಿತ್ತು. ಈ ಸಲ ಅವನೇ ಹೇಳಬೇಕು.

ಅವನು ಹೆಗಲ ಮೇಲಿನ ಕೈಯನ್ನು ತೆಗೆಯಲಿಲ್ಲ, ಅದರ ಕೆಳಗಿನಿಂದಲೇ ಹೇಳಿದ.

"ಇಲ್ಲ ಅಣ್ಣ. ಅದು ಅವಳ ಗಾಡಿ. ನಾನು ಸೈನ್ ಹಾಕುದಿಲ್ಲ."

ಅವನು ಅಣ್ಣನಿಗೆ ಇಲ್ಲ ಎಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಭಾವ ಕೈ ತೆಗೆದುಕೊಂಡು, ಗಿರಾಕಿಯನ್ನು ಕರೆದುಕೊಂಡು ಒಳಗೆ ಹೋದರು. ನಾಲ್ಕು ದಿನ ಮುಖ ಊದಿಸಿಕೊಂಡಿದ್ದರು. ಊದಿಸಿಕೊಳ್ಳಲಿ, ನನಗೇನೂ ನಷ್ಟವಾಗಲಿಲ್ಲ. ಅಕ್ಕ ಮಾತ್ರ ಅಲ್ಲೇ ಹೊರಗೆ ನಿಂತು, ನನ್ನ ಕಪ್ಪು ಕೈಗೆ ದೋಸೆ ಮುಟ್ಟಿಸಲು ಬಿಡದೆ, ತಾನೇ ಮುರಿದು ನನ್ನ ಬಾಯಿಗೆ ಇಟ್ಟಳು.

ಮುಂದಿನ ಆಯುಧ ಪೂಜೆ ಬಂತು. ಆ ದೇಶದಲ್ಲಿ ಅದಕ್ಕೆ ರಜೆ ಎಲ್ಲಿ? ಬೆಳಿಗ್ಗೆ ಆಫೀಸಿಗೆ ಹೊರಡುವ ಮೊದಲು ಪೂಜೆ ಮುಗಿಯಬೇಕಿತ್ತು. ಭಾವ ಸ್ನಾನ ಮಾಡಿ, ಪಂಚೆ ಉಟ್ಟು, ತಮ್ಮ ಗಾಡಿಗೆ ಆರತಿ ಎತ್ತಿ, ತೆಂಗಿನಕಾಯಿ ಹಿಡಿದುಕೊಂಡು ನನ್ನ ಕಾರಿನ ಎದುರು ಬಂದು ನಿಂತರು. ಅಭ್ಯಾಸಬಲದಿಂದ ಅವರ ಎಡಗೈ ಬಾನೆಟ್ಟಿನ ಕಡೆಗೆ ಹೋಯಿತು.

ನಾನು ಬಾನೆಟ್ಟಿನ ಮೇಲೆ ಅಂಗೈ ಇಟ್ಟೆ. ಇಟ್ಟ ಕೈಯನ್ನು ತೆಗೆಯಲಿಲ್ಲ.

ಭಾವ ನನ್ನ ಕೈಯನ್ನು ನೋಡಿದರು. ಗಂಡ ಪೂಜೆಗೆಂದು ಕಂಪೆನಿಯ ಬಸ್ಸು ಬಿಟ್ಟು ಉಳಿದಿದ್ದ, ಅವನೂ ನೋಡುತ್ತಿದ್ದ. ಅಕ್ಕ ಚೊಂಬನ್ನು ಬೇಕೆಂದೇ ಒಳಗೆ ಬಿಟ್ಟು ಬಂದಿದ್ದಳು. ಕಾಯಿ ಒಡೆಯುವುದು ಗಂಡಸರ ಕೆಲಸ ಎಂದು ಜೀವಮಾನವಿಡೀ ಹೇಳಿಕೊಂಡು ಬಂದ ಮನುಷ್ಯ ತೆಂಗಿನಕಾಯಿಯನ್ನು ನನ್ನ ಕಡೆಗೆ ಚಾಚಿದರು.

"ತಗೋ," ಎಂದರು. "ನಿನ್ನ ಗಾಡಿ, ನೀನೇ ಒಡಿ."

ಚಕ್ರದ ಎದುರಿನ ಕಲ್ಲಿಗೆ ಹೊಡೆದೆ. ನೀರೆಲ್ಲ ನೆಲಕ್ಕೆ ಹೋಯಿತು, ಕಾರಿನ ಮೇಲೆ ಒಂದು ಹನಿಯೂ ಬೀಳಲಿಲ್ಲ. ಒಳಗೆ ಕೂತು ಕೀ ತಿರುಗಿಸಿದೆ, ಕಾರು ಮೊದಲ ತಿರುವಿಗೇ ಸ್ಟಾರ್ಟ್ ಆಯಿತು, ಲಿಂಬೆಹಣ್ಣಿನ ಮೇಲೆ ಹಾದು ಆಫೀಸಿಗೆ ಹೋದೆ.